ಯಾವ ಗಡಿಯಾರದ ಹತ್ರ? ಹೇಳಿದ ಮಾತು ಮುಟ್ಟುವಂತೆ ಮಾಡುವುದು ಹೇಗೆ

ಮೈಸೂರಿನಲ್ಲಿ ಯಾರಿಗಾದರೂ "ಗಡಿಯಾರದ ಹತ್ರ ನಿಂತಿರ್ತೀನಿ, ಬಂದ್ಬಿಡಿ" ಅಂತ ಹೇಳಿ ನೋಡಿ. ಹೇಳಿದವರು ಪುರಭವನದ ಹತ್ತಿರದ ದೊಡ್ಡ ಗಡಿಯಾರದ ಕೆಳಗೆ ಕಾಯುತ್ತಾರೆ. ಕೇಳಿಸಿಕೊಂಡವರು ದೇವರಾಜ ಮಾರುಕಟ್ಟೆ ಮುಂದಿನ ಚಿಕ್ಕ ಗಡಿಯಾರದ ಹತ್ತಿರ ಕಾಯುತ್ತಾರೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೂ ಅರ್ಧ ಗಂಟೆ ಹಾಳು, ಇಬ್ಬರಿಗೂ ಸಿಟ್ಟು. ಯಾರೂ ಸುಳ್ಳು ಹೇಳಿಲ್ಲ, ಯಾರೂ ತಡ ಮಾಡಿಲ್ಲ. ಇಬ್ಬರ ತಲೆಯಲ್ಲೂ ಒಂದೊಂದೇ ಗಡಿಯಾರ ಇತ್ತು, ಅಷ್ಟೇ.

ದಿನನಿತ್ಯದ ಮಾತು ಕೆಡುವುದು ಹೆಚ್ಚಾಗಿ ಹೀಗೇ. ಸಂವಹನ ಕಲೆ ಅಂದ ತಕ್ಷಣ ವೇದಿಕೆ, ಮೈಕು, ಇಂಗ್ಲಿಷು, ಇಂಟರ್‌ವ್ಯೂ ನೆನಪಾಗುತ್ತದೆ. ಅದೆಲ್ಲ ಬೇರೆ ವಿದ್ಯೆ. ನಮಗೆ ದಿನಾ ಬೇಕಾಗುವುದು ಇಷ್ಟು: ನಾಡಕಚೇರಿಯಲ್ಲಿ ಕೆಲಸ ಆಗಬೇಕು, ಡಾಕ್ಟರಿಗೆ ನೋವು ಎಲ್ಲಿ ಅಂತ ತಿಳಿಯಬೇಕು, ಮೇಸ್ತ್ರಿ ಜೊತೆ ಜಗಳ ಆಗಬಾರದು, ಮನೆಯವರ ಜೊತೆ ಸುಮ್ನೆ ಮನಸ್ತಾಪ ಬರಬಾರದು. ಇದಕ್ಕೆಲ್ಲ ಒಂದೇ ನಿಯಮ ಸಾಕು ಅಂತ ನನ್ನ ಲೆಕ್ಕ. ಮಾತು ಎದುರಿನವರಿಗೆ ಮುಟ್ಟಿತೋ ಇಲ್ಲವೋ ಅಂತ ನೋಡಿಕೊಳ್ಳುವ ಹೊಣೆ ಹೇಳಿದವರದ್ದು. "ನಾನು ಹೇಳಿದ್ನಲ್ಲ!" ಅಂದರೆ ಹೊಣೆ ಕಳೆಯುವುದಿಲ್ಲ. ಇದನ್ನು ಮಾಡುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಏನು ಆಗಬೇಕು ಅಂತ ಮೊದಲು ಹೇಳಿ

ಮನೆಯಿಂದ ಹೊರಡುವಾಗಲೇ ಒಂದು ವಾಕ್ಯ ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ನಿಮಗೆ ಏನು ಆಗಬೇಕು ಅನ್ನುವುದು ಅದರಲ್ಲಿರಲಿ. ಹಿಂದೆ ಏನಾಯಿತು ಅನ್ನುವ ಕಥೆ ಆಮೇಲೆ. ಬ್ಯಾಂಕಿನ ಕೌಂಟರಿನಲ್ಲಿ ಬಹಳ ಜನ ಹೀಗೆ ಶುರು ಮಾಡುತ್ತಾರೆ: "ಸಾರ್, ಹೋದ ತಿಂಗಳು ನಮ್ಮಣ್ಣ ಬಂದಿದ್ರು, ಅವಾಗ ಬೇರೆ ಮೇಡಂ ಇದ್ರು, ಜೆರಾಕ್ಸ್ ತನ್ನಿ ಅಂದ್ರು, ತಂದ್ಕೊಟ್ವಿ, ಆಮೇಲೆ ಏನಾಯ್ತು ಅಂದ್ರೆ..." ಒಳಗೆ ಕೂತವರಿಗೆ ಕೆಲಸ ಯಾವುದು ಅಂತಲೇ ಇನ್ನೂ ಗೊತ್ತಾಗಿಲ್ಲ. ಹಿಂದಿನ ಸಾಲಿನವರು ಗೊಣಗಲು ಶುರು ಮಾಡಿದ್ದಾರೆ. ಅದರ ಬದಲು ಹೀಗೆ ಹೇಳಬಹುದು: "ಸಾರ್, ನಮ್ಮ ತಾಯಿ ಖಾತೆಯಲ್ಲಿ ಹಳೇ ಮೊಬೈಲ್ ನಂಬರ್ ಇದೆ, ಬದಲಾಯಿಸ್ಬೇಕು. ಅವರೂ ಬಂದಿದ್ದಾರೆ. ಪಾಸ್‌ಬುಕ್, ಆಧಾರ್ ತಂದಿದ್ದೀವಿ. ಇನ್ನೇನು ಬೇಕು?"

ಹಾಗಂತ ಮುಖ ಕಂಡ ತಕ್ಷಣ ಕೆಲಸದ ಮಾತಿಗೆ ಇಳಿಯಬೇಕು ಅಂತಲ್ಲ. ಕೌಂಟರಿನ ಮಾತು ಬೇರೆ, ಮನೆ ಬಾಗಿಲಿನ ಮಾತು ಬೇರೆ. "ಊಟ ಆಯ್ತಾ?", "ಮಳೆ ಹೆಂಗೆ ನಿಮ್ ಕಡೆ?" ಅನ್ನುವ ಎರಡು ಮಾತು ನಮ್ಮಲ್ಲಿ ಬೇಕೇ ಬೇಕು. ಇದನ್ನು ಟೈಮ್ ವೇಸ್ಟ್ ಅನ್ನುವ ತರಬೇತಿಗಳನ್ನು ನಾನು ನಂಬುವುದಿಲ್ಲ. ಮಂಡ್ಯದ ಕಡೆ ನಾಟಿಗೆ ಆಳು ಕರೆಯಲು ಹೋದವರು ಜಗಲಿ ಮೇಲೆ ಕೂರದೆ, ನೀರು ಕುಡಿಯದೆ "ನಾಳೆ ಹತ್ತು ಜನ ಬನ್ನಿ" ಅಂದು ಗಾಡಿ ತಿರುಗಿಸಿದರೆ ಮರುದಿನ ಗದ್ದೆಯಲ್ಲಿ ಅವರೊಬ್ಬರೇ ಇರುತ್ತಾರೆ. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ" ಅನ್ನುವ ಸಲಹೆಯೂ ಅಷ್ಟೇ. ಊರಿನ ಹಿರಿಯರ ಮುಂದೆ ಹುಡುಗನೊಬ್ಬ ಸ್ವಲ್ಪ ಕಣ್ಣು ತಗ್ಗಿಸಿದರೆ ಅದನ್ನು ಯಾರೂ ಪುಕ್ಕಲುತನ ಅಂದುಕೊಳ್ಳುವುದಿಲ್ಲ.

ಕರೆಯುವ ರೀತಿಗೂ ಒಂದು ಮಾತು. ಗೊತ್ತಿಲ್ಲದವರಾದರೆ ಅಣ್ಣ, ಅಕ್ಕ, ಅಮ್ಮ, ಯಜಮಾನ್ರೆ. ಕಚೇರಿಯಲ್ಲಿ ಸಾರ್, ಮೇಡಂ. ಆಟೋದವರಿಗೆ "ಅಣ್ಣ" ಅಂದರೆ ದಾರಿ ಸರಿಯಾಗಿ ಗೊತ್ತಾಗುತ್ತದೆ. ಮತ್ತೆ, ಮಂಡ್ಯದ "ಬತ್ತೀನಿ", "ಊಂ ಕಣಣ್ಣ" ಮೈಸೂರಿನ ಕಚೇರಿ ಮೆಟ್ಟಿಲು ಹತ್ತಿದ ತಕ್ಷಣ ಬಚ್ಚಿಡಬೇಕಾಗಿಲ್ಲ. ಪುಸ್ತಕದ ಭಾಷೆ ಹುಡುಕುತ್ತಾ ಹೋದವರು ಹೇಳಬೇಕಾದ ಮುಖ್ಯ ವಿಷಯವನ್ನೇ ಮರೆತು ಬರುವುದನ್ನು ನೋಡಿದ್ದೇನೆ.

ಎರಡನೇ ಹೆಜ್ಜೆ: ಎಲ್ಲಿ, ಯಾವಾಗ, ಎಷ್ಟು

ಜಗಳಗಳ ದೊಡ್ಡ ಪಾಲು ಹುಟ್ಟುವುದು ಈ ಮೂರರಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲು ಜಾಗ. ಮೈಸೂರು, ಮಂಡ್ಯ ಈ ನಮ್ಮ ಎರಡು ಜಿಲ್ಲೆಗಳಲ್ಲಿ ಕೆ.ಆರ್. ಅಂತ ಶುರುವಾಗುವ ಜಾಗಗಳನ್ನು ಲೆಕ್ಕ ಹಾಕಿ: ಕೆ.ಆರ್. ಸರ್ಕಲ್, ಕೆ.ಆರ್. ಆಸ್ಪತ್ರೆ, ಕೆ.ಆರ್. ಮೊಹಲ್ಲಾ, ಕೆ.ಆರ್. ನಗರ, ಕೆ.ಆರ್. ಪೇಟೆ, ಕೆಆರ್‌ಎಸ್. ಎಲ್ಲವೂ ಕೃಷ್ಣರಾಜರ ಹೆಸರಿನವೇ. ಕೆ.ಆರ್. ನಗರ ಮೈಸೂರು ಜಿಲ್ಲೆಯಲ್ಲಿದೆ, ಕೆ.ಆರ್. ಪೇಟೆ ಮಂಡ್ಯ ಜಿಲ್ಲೆಯಲ್ಲಿದೆ. ಫೋನಿನಲ್ಲಿ "ಕೆ.ಆರ್..." ಆದಮೇಲೆ ಬರುವ ಪದ ಕೇಳಿಸದೇ ಹೋದರೆ ಮದುವೆಗೆ ಹೊರಟವರು ಬೇರೆ ಜಿಲ್ಲೆ ತಲುಪಬಹುದು.

ಮೈಸೂರಿನಲ್ಲಿ "ಬಸ್‌ಸ್ಟ್ಯಾಂಡಲ್ಲಿ ಇರ್ತೀನಿ" ಅಂದರೂ ಸಾಲದು. ಊರಿಂದ ಊರಿಗೆ ಹೋಗುವ ಬಸ್ಸುಗಳು ಸಬರ್ಬನ್ ನಿಲ್ದಾಣದಿಂದ, ನಗರದೊಳಗಿನ ಬಸ್ಸುಗಳು ಅರಮನೆ ಹತ್ತಿರದ ಸಿಟಿ ಬಸ್‌ಸ್ಟ್ಯಾಂಡಿನಿಂದ. ಹೊಸಬರಿಗೆ ಹೇಳುವಾಗ ಹೆಸರಿನ ಜೊತೆ ಕಣ್ಣಿಗೆ ಬೀಳುವ ಒಂದು ಗುರುತು ಕೊಡಿ. ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಮುಖದ ಮೇಲೆ ಅಂಕಿಗಳು ಕನ್ನಡದಲ್ಲಿವೆ. "ಕನ್ನಡ ಅಂಕಿ ಇರೋ ಎತ್ತರದ ಗಡಿಯಾರ" ಅಂದರೆ ಹೊಸಬರೂ ತಪ್ಪುವುದಿಲ್ಲ. ವಿಜಯನಗರ, ಕುವೆಂಪುನಗರದಂಥ ಬಡಾವಣೆಗಳಲ್ಲಿ ಹಂತ, ಮೇನ್, ಕ್ರಾಸ್ ಮೂರನ್ನೂ ಹೇಳಬೇಕು. ಬರೀ "ಮೂರನೇ ಕ್ರಾಸ್" ಅಂದರೆ ಪ್ರತಿ ಹಂತದಲ್ಲೂ ಒಂದು ಮೂರನೇ ಕ್ರಾಸ್ ಸಿಗುತ್ತದೆ.

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮಂಡ್ಯಕ್ಕೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ರಸ್ತೆ ಊರನ್ನು ಬಳಸಿಕೊಂಡು ಹೋಗುತ್ತದೆ. ಎಲ್ಲ ಬಸ್ಸೂ ಊರೊಳಗೆ ಬರುವುದಿಲ್ಲ. ಹತ್ತುವಾಗ "ಮಂಡ್ಯ ಹೋಗುತ್ತಾ?" ಅಂತ ಕೇಳಬೇಡಿ. "ಮಂಡ್ಯ ಬಸ್‌ಸ್ಟ್ಯಾಂಡ್ ಒಳಗೆ ಹೋಗುತ್ತಾ, ಇಲ್ಲ ಬೈಪಾಸಲ್ಲಿ ಹೋಗುತ್ತಾ ಅಣ್ಣ?" ಅಂತ ಕೇಳಿ. ಎರಡು ದಾರಿಯನ್ನೂ ಪ್ರಶ್ನೆಯೊಳಗೇ ಇಟ್ಟರೆ ಕಂಡಕ್ಟರು ಸುಮ್ನೆ "ಹ್ಞೂಂ ಹತ್ತಿ" ಅನ್ನಲು ಆಗುವುದಿಲ್ಲ.

ಈಗ ಸಮಯ. "ಸೋಮವಾರ ರಾತ್ರಿ ಹನ್ನೆರಡಕ್ಕೆ ನೀರು ನಿಮ್ಮ ಗದ್ದೆಗೆ" ಅಂತ ಪಕ್ಕದ ಗದ್ದೆಯವರು ಹೇಳಿದರು ಅನ್ನಿ. ಭಾನುವಾರ ಮಲಗಿ ಏಳುವ ಹನ್ನೆರಡೋ, ಸೋಮವಾರ ಉಂಡು ಕಾಯುವ ಹನ್ನೆರಡೋ? ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವಾಗ ಒಂದು ರಾತ್ರಿ ತಪ್ಪಿದರೆ ಮುಂದಿನ ಸರದಿವರೆಗೆ ಕಾಯಬೇಕು. "ಸೋಮವಾರ ರಾತ್ರಿ ಊಟ ಆದ್ಮೇಲೆ, ಮಂಗಳವಾರ ಬೆಳಗಾಗೋಕೆ ಮುಂಚೆ" ಅಂದರೆ ಅನುಮಾನವೇ ಇಲ್ಲ. ರಾತ್ರಿ ಹನ್ನೆರಡು ದಾಟಿದ ಬಸ್ಸು, ರೈಲು ಟಿಕೆಟ್ಟಿಗೂ ಇದೇ ಎಚ್ಚರ ಬೇಕು. ಟಿಕೆಟ್ಟಿನ ತಾರೀಖು ಸಾಮಾನ್ಯವಾಗಿ ಮರುದಿನದ್ದಾಗಿರುತ್ತದೆ.

"ಹಬ್ಬ ಆದ್ಮೇಲೆ", "ಮುಂದಿನ ವಾರ", "ಇನ್ನೊಂದೆರಡು ದಿನ" ಇವೆಲ್ಲ ಹೇಳುವವರಿಗೆ ಸುಲಭ, ಕಾಯುವವರಿಗೆ ಕಷ್ಟ. ವಾರದ ಜೊತೆ ತಾರೀಖು ಸೇರಿಸಿ: "ಶುಕ್ರವಾರ, 14ನೇ ತಾರೀಖು, ಬೆಳಿಗ್ಗೆ ಹತ್ತರೊಳಗೆ". ವಾರ ಮತ್ತು ತಾರೀಖು ಹೊಂದದಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೂ ಮನೆಯಲ್ಲೇ ಇದ್ದುಕೊಂಡು "ಬಂದೆ, ಬಂದೆ, ಹತ್ರ ಇದ್ದೀನಿ" ಅನ್ನುವ ನಮ್ಮ ಅಭ್ಯಾಸದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಅಲ್ವಾ? "ಈಗ ಹೊರಡ್ತಿದ್ದೀನಿ, ಮುಕ್ಕಾಲು ಗಂಟೆ ಆಗುತ್ತೆ" ಅಂದರೆ ಎದುರಿನವರು ಒಂದು ಕಾಫಿ ಕುಡಿದು ಬರುತ್ತಾರೆ.

ಮೂರನೆಯದು ಎಷ್ಟು ಅನ್ನುವುದು. ಫೋನಿನಲ್ಲಿ ಎಪ್ಪತ್ತು, ಎಂಬತ್ತು ಒಂದೇ ತರ ಕೇಳುತ್ತವೆ. ದುಡ್ಡಿನ ವಿಷಯದಲ್ಲಿ "ಎಂಬತ್ತು ಸಾವಿರ, ಎಂಟರ ಮುಂದೆ ನಾಲ್ಕು ಸೊನ್ನೆ" ಅಂತ ಬಿಡಿಸಿ ಹೇಳಿ. ಇನ್ನೂ ಅಪಾಯದ್ದು ಔಷಧಿ ಅಂಗಡಿಯ ಮಾತು. ಬೆಳೆಗೆ ಹೊಡೆಯುವ ಔಷಧಿಯನ್ನು "2 ಎಂಎಲ್ ಹಾಕಿ" ಅಂದರೆ ಲೀಟರಿಗೋ, ಬೆನ್ನಿಗೆ ಹಾಕುವ ಕ್ಯಾನಿಗೋ? 16 ಲೀಟರಿನ ಕ್ಯಾನ್ ಆದರೆ ಲೀಟರಿಗೆ 2 ಎಂಎಲ್ ಲೆಕ್ಕದಲ್ಲಿ 32 ಎಂಎಲ್ ಬೇಕು. ಲೀಟರಿನ ಲೆಕ್ಕವನ್ನು ಕ್ಯಾನಿನದು ಅಂದುಕೊಂಡರೆ ಹುಳ ಸಾಯಲ್ಲ. ಕ್ಯಾನಿನ ಲೆಕ್ಕವನ್ನು ಲೀಟರಿನದು ಅಂದುಕೊಂಡರೆ ಬೆಳೆಯೇ ಸುಟ್ಟುಹೋಗಬಹುದು. ಅಂಗಡಿಯಲ್ಲೇ "ನನ್ನ ಕ್ಯಾನ್ ಇಷ್ಟು ಲೀಟರಿಂದು, ಒಂದು ಕ್ಯಾನಿಗೆ ಎಷ್ಟು ಮುಚ್ಚಳ?" ಅಂತ ಕೇಳಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಸಿಕೊಂಡು ಬನ್ನಿ.

ಮೂರನೇ ಹೆಜ್ಜೆ: ತಿರುಗಿ ಹೇಳಿಸಿ, ತಿರುಗಿ ಹೇಳಿ

"ಅರ್ಥ ಆಯ್ತಾ?" ಅಂತ ಕೇಳುವುದರಿಂದ ಪ್ರಯೋಜನ ಕಡಿಮೆ. ಆಗಲಿಲ್ಲ ಅನ್ನಲು ಯಾರಿಗೂ ಇಷ್ಟ ಇರುವುದಿಲ್ಲ. ಚಿಕ್ಕ ಮಗುವಿನಿಂದ ಹಿಡಿದು ಅಜ್ಜನವರೆಗೆ ಎಲ್ಲರೂ ತಲೆ ಆಡಿಸುತ್ತಾರೆ. ಅದರ ಬದಲು ತಪ್ಪನ್ನು ನಿಮ್ಮ ಕಡೆ ಎಳೆದುಕೊಂಡು ಕೇಳಿ: "ನಾನು ಗಡಿಬಿಡೀಲಿ ಹೇಳ್ಬಿಟ್ಟೆ ಅನ್ಸುತ್ತೆ. ಏನೇನು ತರ್ಬೇಕು ಅಂದೆ, ಒಂದ್ಸಲ ಹೇಳಿ ನೋಡೋಣ." ಹೀಗೆ ಕೇಳಿದರೆ ಎದುರಿನವರಿಗೆ ಪರೀಕ್ಷೆ ಅನ್ನಿಸುವುದಿಲ್ಲ. ಪ್ರಪಂಚದ ಹಲವು ಕಡೆ ಆಸ್ಪತ್ರೆಗಳಲ್ಲಿ ನರ್ಸುಗಳಿಗೆ ಇದನ್ನೇ ಕಲಿಸುತ್ತಾರೆ. ರೋಗಿ ಮನೆಗೆ ಹೋಗುವ ಮೊದಲು ಮಾತ್ರೆ ಹೇಗೆ ತಗೋಬೇಕು ಅಂತ ಅವರ ಬಾಯಿಂದಲೇ ಹೇಳಿಸುತ್ತಾರೆ.

ನೀವು ಕೇಳಿಸಿಕೊಳ್ಳುವ ಕಡೆ ಇದ್ದರೆ ಯಾರೂ ಕೇಳದಿದ್ದರೂ ತಿರುಗಿ ಹೇಳಿ. ಮಂಡಕಳ್ಳಿಯಲ್ಲಿ ವಿಮಾನ ಇಳಿಸುವ ಪೈಲಟ್ ಕೂಡ ಕಂಟ್ರೋಲ್ ಟವರಿನ ಮುಖ್ಯ ಸೂಚನೆಗಳನ್ನು ತಿರುಗಿ ಹೇಳಲೇಬೇಕು. ಅದು ಎಲ್ಲ ಕಡೆಯ ನಿಯಮ. "ಹಾಗಾದ್ರೆ ಗುರುವಾರ ಹನ್ನೊಂದಕ್ಕೆ, ಒರಿಜಿನಲ್ ಪಹಣಿ ತಗೊಂಡು, ಎರಡನೇ ಮಹಡಿಗೆ ಬರ್ಬೇಕು ಅಲ್ವಾ ಮೇಡಂ?" ಅಂತ ಹೇಳಲು ಎಷ್ಟು ಹೊತ್ತು ಬೇಕು? ಆ ಒಂದು ವಾಕ್ಯ ಇಲ್ಲದೆ ಎಷ್ಟು ಜನ ಮಳವಳ್ಳಿಯಿಂದ, ನಾಗಮಂಗಲದಿಂದ ಮತ್ತೆ ಬಸ್ಸು ಹತ್ತಿದ್ದಾರೋ.

ಕೇಳುವಾಗ ಇನ್ನೊಂದು. ಅರ್ಥವಾಗದ ಪದ ಬಂದ ತಕ್ಷಣ ಅಲ್ಲೇ ತಡೆಯಿರಿ. "ಮ್ಯುಟೇಶನ್ ಪೆಂಡಿಂಗ್ ಇದೆ" ಅಂದರೆ "ಖಾತೆ ಬದಲಾವಣೆ ಇನ್ನೂ ಆಗಿಲ್ಲ ಅಂತಾನಾ?" ಅಂತ ಕೇಳಿ. ಗೊತ್ತಿಲ್ಲ ಅಂತ ಒಪ್ಪಿಕೊಂಡರೆ ಮರ್ಯಾದೆ ಹೋಗಲ್ಲ. ಹೆಬ್ಬೆಟ್ಟು ಒತ್ತಿದ ಮೇಲೆ, ಸಹಿ ಹಾಕಿದ ಮೇಲೆ ಕೇಳಿದರೆ ಹೋಗುವುದು ಜಮೀನು.

ಕಿವಿ ಮಂದವಾದವರ ಜೊತೆ

ಇದನ್ನು ಬೇರೆಯಾಗಿ ಬರೆಯಲು ಕಾರಣ ಇದೆ. "ನಮ್ಮಪ್ಪ ಮಾತೇ ಕೇಳಲ್ಲ" ಅಂತ ದೂರುವ ಮನೆಗಳಲ್ಲಿ ಕೆಲವು ಕಡೆ ಅಪ್ಪನಿಗೆ ನಿಜವಾಗಿಯೂ ಕಿವಿ ಕೇಳಿಸುತ್ತಿರುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಸಣ್ಣ, ಚೂಪು ಸದ್ದುಗಳು. ಸ, ಶ, ಫ ತರದ ಅಕ್ಷರಗಳು ಮಸುಕಾಗುತ್ತವೆ. ಆಗ ಮಾತಿನ ಸದ್ದು ಕೇಳಿಸುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಮಗ ಕಿರುಚುತ್ತಾನೆ. ಕಿರುಚಿದರೆ ದಪ್ಪ ಸದ್ದು ಇನ್ನೂ ದಪ್ಪ ಆಗುತ್ತದೆಯೇ ಹೊರತು ಆ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ಅಪ್ಪನಿಗೆ ಕೇಳುವುದು ಸಿಟ್ಟು ಮಾತ್ರ.

ಮಾಡಬೇಕಾದದ್ದು ಬೇರೆ. ಟಿವಿ ಆಫ್ ಮಾಡಿ. ಹಿಂದಿನಿಂದ, ಅಡುಗೆಮನೆಯಿಂದ ಕೂಗಬೇಡಿ. ಎದುರಿಗೆ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತುಕೊಳ್ಳಿ. ತುಟಿ ನೋಡಿಯೂ ಅವರು ಅರ್ಧ ಮಾತು ಹಿಡಿಯುತ್ತಾರೆ. ಮಾಮೂಲಿ ದನಿಯಲ್ಲಿ ಸ್ವಲ್ಪ ನಿಧಾನವಾಗಿ ಹೇಳಿ. ಒಂದು ಸಲ ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳದೆ ಬೇರೆ ಪದ ಬಳಸಿ. "ಶನಿವಾರ" ಹತ್ತದಿದ್ದರೆ "ನಾಳಿದ್ದು" ಅನ್ನಿ.

ಅನುಮಾನ ಇದ್ದರೆ ಕಿವಿ ಪರೀಕ್ಷೆ ಮಾಡಿಸಿ. ಈ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಜನ "ಸ್ಪೀಚ್ ಅಂಡ್ ಹಿಯರಿಂಗ್" ಅಂತ ಕರೆಯುವುದು ಅದನ್ನೇ. 1960ರ ದಶಕದಿಂದ ಕೆಲಸ ಮಾಡುತ್ತಿರುವ ಈ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕಿವಿ ಪರೀಕ್ಷೆಯೂ ಆಗುತ್ತದೆ, ಶ್ರವಣ ಸಾಧನದ ಸಲಹೆಯೂ ಸಿಗುತ್ತದೆ. ತೊದಲುವ ಮಕ್ಕಳನ್ನು, ಮಾತು ತಡವಾದ ಮಕ್ಕಳನ್ನು ಕೂಡ ಅಲ್ಲಿಗೆ ಕರೆದುಕೊಂಡು ಹೋಗಬಹುದು. "ಇವತ್ತಲ್ಲ ನಾಳೆ ಮಾತು ಬರುತ್ತೆ ಬಿಡಿ" ಅಂತ ವರ್ಷಗಟ್ಟಲೆ ಕಾಯುವುದು ಬೇಡ.

ಡಾಕ್ಟರ ಮುಂದೆ

ಜನ ತುಂಬಿದ ದಿನ ಮೈಸೂರಿನ ದೊಡ್ಡಾಸ್ಪತ್ರೆಯಲ್ಲೋ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೋ ಒಬ್ಬೊಬ್ಬರಿಗೆ ಸಿಗುವ ಸಮಯ ಸ್ವಲ್ಪವೇ. ಸಾಲಿನಲ್ಲಿ ಕೂತಾಗಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಲ್ಲಿ ನೋವು, ಯಾವತ್ತಿಂದ, ಯಾವಾಗ ಜಾಸ್ತಿ, ಏನು ಮಾಡಿದರೆ ಕಡಿಮೆ, ಈಗ ಯಾವ ಮಾತ್ರೆ ತಗೋತಿದ್ದೀರಿ. ಮಾತ್ರೆ ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೇ ತಗೊಂಡು ಹೋಗಿ. "ಬಿಳೀದು, ಉದ್ದಕ್ಕಿರೋದು" ಅಂದರೆ ಯಾವ ಡಾಕ್ಟರಿಗೂ ಗೊತ್ತಾಗಲ್ಲ. ನಾಟಿ ಔಷಧಿ ತಗೋತಿದ್ದರೆ ಅದನ್ನೂ ಹೇಳಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಬಹಳ ಮುಖ್ಯವಾದದ್ದು: ಕಾಯಿಲೆ ಹೆಸರು ನೀವೇ ಇಡಬೇಡಿ. ಎದೆ ಹಿಡಿದುಕೊಂಡು ಬಂದವರು "ಗ್ಯಾಸ್ಟ್ರಿಕ್ ಆಗಿದೆ, ಒಂದು ಇಂಜೆಕ್ಷನ್ ಕೊಡಿ" ಅನ್ನುವುದು ನಮ್ಮ ಕಡೆ ತುಂಬಾ ಮಾಮೂಲಿ. ಹೃದಯಾಘಾತ ಕೂಡ ಕೆಲವರಿಗೆ ಎದೆಯುರಿ, ಹೊಟ್ಟೆ ತೊಳಸು, ಸಂಕಟದ ತರ ಬರುತ್ತದೆ. ಏನು ಅನ್ನಿಸುತ್ತಿದೆ ಅಂತ ಮಾತ್ರ ಹೇಳಿ: "ಬೆಳಿಗ್ಗೆ ಆರರಿಂದ ಎದೆ ಮಧ್ಯ ಹಿಂಡಿದ ಹಾಗೆ ಆಗ್ತಿದೆ, ಎಡಗೈಗೂ ಬರುತ್ತೆ, ಬೆವರು ಬರ್ತಿದೆ." ಕಾಯಿಲೆ ಯಾವುದು ಅಂತ ಅವರು ಹೇಳಲಿ. ಜೊತೆಗೆ ಬಂದ ಮಕ್ಕಳಿಗೆ ಒಂದು ಮಾತು: ತಾಯಿಗೆ ಕೇಳಿದ ಪ್ರಶ್ನೆಗೆ ತಾಯಿಯೇ ಉತ್ತರ ಕೊಡಲಿ, ಅವರು ಬಿಟ್ಟದ್ದನ್ನು ನೀವು ತುಂಬಿಸಿದರೆ ಸಾಕು.

ಚೀಟಿಯಲ್ಲಿ 1-0-1 ಅಂತ ಇದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಮಧ್ಯದಲ್ಲಿ ಹುಷಾರಾದರೆ ನಿಲ್ಲಿಸಬಹುದಾ ಅಂತ ಕೇಳಿ. ಹೊರಗೆ ಬರುವ ಮುಂಚೆ ಎಲ್ಲವನ್ನೂ ಒಂದು ಸಲ ತಿರುಗಿ ಹೇಳಿ.

ಕಚೇರಿ ಮತ್ತು ಅರ್ಜಿ

ಸರ್ಕಾರಿ ಕಚೇರಿಯಲ್ಲಿ ಬಾಯಿಮಾತು ಗಾಳಿಗೆ ಹೋಗುತ್ತದೆ. ಏನೇ ಇದ್ದರೂ ಕಾಗದದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಸಕಾಲ ವ್ಯಾಪ್ತಿಯ ಸೇವೆಯಾದರೆ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಕೊಡುತ್ತಾರೆ. ಅದರಲ್ಲಿ ಕೆಲಸ ಎಷ್ಟು ದಿನದೊಳಗೆ ಆಗಬೇಕು ಅನ್ನುವುದು ಗೊತ್ತಾಗುತ್ತದೆ. ಮುಂದಿನ ಸಲ "ನನ್ನ ಕೆಲಸ ಏನಾಯ್ತು?" ಅನ್ನದೆ ಆ ಸಂಖ್ಯೆಯಿಂದಲೇ ಮಾತು ಶುರು ಮಾಡಿ. ಕರೆಂಟು ಹೋದಾಗ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡುವಾಗಲೂ ಅಷ್ಟೇ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೈಯಲ್ಲಿರಲಿ. ನಿಮ್ಮ ಮನೆ ಒಂದರಲ್ಲಿ ಇಲ್ಲವೋ, ಬೀದಿಗೇ ಇಲ್ಲವೋ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದೆಯೋ ಅಂತ ಹೇಳಿ. ಇದು ಗೊತ್ತಾದರೆ ಲೈನ್‌ಮನ್ ಏನು ತರಬೇಕೋ ಅದನ್ನು ಹಿಡಿದುಕೊಂಡೇ ಬರುತ್ತಾರೆ.

ಚಿಕ್ಕದಾಗಿ ಬರೆಯುವುದಕ್ಕೆ ಒಳ್ಳೆಯ ಪಾಠ ಮಾಹಿತಿ ಹಕ್ಕಿನ ಅರ್ಜಿ. 2005ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಈ ಮಿತಿಯ ಬಗ್ಗೆ ಟೀಕೆಗಳಿವೆ, ಅದು ಬೇರೆ ಮಾತು. ಆದರೆ 150 ಪದದೊಳಗೆ ಬರೆಯಲು ಕೂತರೆ ನಮಗೆ ಬೇಕಾಗಿರುವುದು ಏನು ಅಂತ ನಮಗೇ ಸ್ಪಷ್ಟವಾಗುತ್ತದೆ. "ನಮ್ಮ ಊರಿನ ರಸ್ತೆಗೆ ಯಾಕೆ ಅನ್ಯಾಯ?" ಅಂದರೆ ಉತ್ತರ ಬರಲ್ಲ. "ಇಂಥ ಊರಿನ ಇಂಥ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಬಿಲ್ಲಿನ ಪ್ರತಿ ಕೊಡಿ" ಅಂದರೆ ಬರುತ್ತದೆ. ಮಾಮೂಲಿ ಅರ್ಜಿಗಳನ್ನೂ ಇದೇ ಅಳತೆಯಲ್ಲಿ ಬರೆಯಿರಿ. "ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸಿಕೊಳ್ಳುವುದೇನೆಂದರೆ" ಎಷ್ಟು ಸಲ ಬಂದರೂ ಕೆಲಸ ಬೇಗ ಆಗುವುದಿಲ್ಲ.

ಮೇಸ್ತ್ರಿ ಜೊತೆ ಮಾತು

ಮನೆ ಕಟ್ಟುವಾಗ ಚದರಕ್ಕೆ ಇಷ್ಟು ಅಂತ ಮಾತಾಡುತ್ತೇವೆ. ಒಂದು ಚದರ ಅಂದರೆ 100 ಚದರ ಅಡಿ, ಅದು ಇಬ್ಬರಿಗೂ ಗೊತ್ತು. ಆ ರೇಟಿನೊಳಗೆ ಏನೇನು ಬಂತು ಅನ್ನುವಲ್ಲಿ ಜಗಳ. ಲೇಬರ್ ಮಾತ್ರವೋ, ಸಾಮಾನು ಸೇರಿಸಿಯೋ? ಸಂಪು, ಪ್ಯಾರಾಪೆಟ್, ಕಾಂಪೌಂಡ್ ಒಳಗೋ ಹೊರಗೋ? ಸೆಂಟ್ರಿಂಗ್ ಹಲಗೆ ಬಾಡಿಗೆ ಯಾರದು? ಕ್ಯೂರಿಂಗ್‌ಗೆ ನೀರು ಹಾಕುವವರು ಯಾರು? ಇವನ್ನೆಲ್ಲ ಮುಯ್ಯಿ ಬರೆಯುವ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಹಾಕಿ ಫೋಟೋ ತೆಗೆದುಕೊಳ್ಳಿ. ದುಡ್ಡನ್ನು ದಿನಕ್ಕೆ ಕಟ್ಟದೆ ಕೆಲಸಕ್ಕೆ ಕಟ್ಟಿ: ಪಾಯ ಆದಾಗ ಇಷ್ಟು, ಲಿಂಟಲ್ ಆದಾಗ ಇಷ್ಟು, ಮೋಲ್ಡ್ ಆದಾಗ ಇಷ್ಟು. "ನಂಬಿಕೆ ಇಲ್ವಾ ಅಣ್ಣ?" ಅಂತ ಮೇಸ್ತ್ರಿ ಕೇಳಬಹುದು. "ನಂಬಿಕೆ ಇರೋದ್ರಿಂದಲೇ ನಿಮಗೆ ಕೊಡ್ತಿದ್ದೀನಿ. ನನಗೆ ಮರೆವು, ಅದಕ್ಕೆ ಬರ್ಕೊಳ್ತೀನಿ" ಅನ್ನಿ.

ಇಲ್ಲ ಅನ್ನುವುದು

ನೆಂಟರು ಕೈಸಾಲ ಕೇಳುತ್ತಾರೆ, ಸಾಲಕ್ಕೆ ಜಾಮೀನು ಹಾಕು ಅನ್ನುತ್ತಾರೆ. ನಾವು ದಾಕ್ಷಿಣ್ಯಕ್ಕೆ "ನೋಡೋಣ ಬಿಡಿ ಮಾವ" ಅಂದುಬಿಡುತ್ತೇವೆ. ಅವರು ಆಯಿತು ಅಂದುಕೊಂಡು ಕಾಯುತ್ತಾರೆ. ಕೊನೆಗೆ ಫೋನ್ ಎತ್ತುವುದನ್ನು ನಿಲ್ಲಿಸುತ್ತೇವೆ. ಸಂಬಂಧ ಕೆಡುವುದು ಅಲ್ಲಿ. ಜಾಮೀನು ವಿಷಯವಂತೂ ಹಗುರ ಅಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಅವರು ಕಟ್ಟದಿದ್ದರೆ ಬ್ಯಾಂಕು ನಿಮ್ಮ ಹತ್ತಿರ ಬರುತ್ತದೆ.

ಆಗದಿದ್ದರೆ ಅವತ್ತೇ ಹೇಳಿ, ಸಾಧ್ಯವಾದರೆ ಮನೆಗೇ ಹೋಗಿ ಹೇಳಿ: "ಮಾವ, ಜಾಮೀನು ಹಾಕೋಕೆ ನನ್ನ ಕೈಲಿ ಆಗಲ್ಲ. ನೀವು ಬೇರೆ ಕಡೆ ನೋಡ್ಕೊಳ್ಳೋಕೆ ಟೈಮ್ ಇರ್ಲಿ ಅಂತ ಈಗ್ಲೇ ಬಂದೆ." ಉದ್ದ ಕಾರಣ ಕೊಡಬೇಡಿ. ಐದು ಕಾರಣ ಕೊಟ್ಟರೆ ಅವರು ಐದಕ್ಕೂ ಪರಿಹಾರ ಹುಡುಕುತ್ತಾರೆ. ನಿಮ್ಮಿಂದ ಆಗುವ ಬೇರೆ ಸಹಾಯ ಇದ್ದರೆ ಹೇಳಿ, ಇಲ್ಲದಿದ್ದರೆ ಟೀ ಕುಡಿದು ಬನ್ನಿ.

ಮನೆಯೊಳಗಿನ ಜಗಳಕ್ಕೆ ನನ್ನ ಹತ್ತಿರ ಇರುವುದು ಎರಡೇ ಸಲಹೆ. ಇವತ್ತಿನದನ್ನು ಇವತ್ತಿಗೆ ಸೀಮಿತ ಮಾಡಿ, "ನೀನು ಯಾವಾಗ್ಲೂ ಹಿಂಗೇ" ಅಂತ ಮದುವೆಯ ದಿನದಿಂದ ಶುರು ಮಾಡಬೇಡಿ. ಎರಡನೆಯದು, ಹಸಿದಾಗ ಮಾತಾಡಬೇಡಿ. ಮುದ್ದೆ ಉಂಡ ಮೇಲೆ ಅರ್ಧ ಜಗಳ ಇರುವುದೇ ಇಲ್ಲ.

ವಾಟ್ಸಾಪಿನಲ್ಲಿ

ಸಾವು, ಸಾಲ, ಸಿಟ್ಟು ಈ ಮೂರನ್ನು ಮೆಸೇಜಿನಲ್ಲಿ ಹಾಕಬೇಡಿ, ಫೋನ್ ಮಾಡಿ. ವಿಳಾಸ, ತಾರೀಖು, ಖಾತೆ ನಂಬರನ್ನು ಧ್ವನಿ ಸಂದೇಶದಲ್ಲಿ ಕಳಿಸಬೇಡಿ, ಟೈಪ್ ಮಾಡಿ. ನಿಮ್ಮವರ ಹೆಸರಿನಲ್ಲಿ "ಅರ್ಜೆಂಟ್ ದುಡ್ಡು ಬೇಕು" ಅಂತ ಮೆಸೇಜು ಬಂದರೆ ಮೊದಲು ಅವರ ಹಳೇ ನಂಬರಿಗೆ ಫೋನ್ ಮಾಡಿ ದನಿ ಕೇಳಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತುರ್ತು ಕರೆ

ಇಲ್ಲಿ ಎಲ್ಲ ಹೆಜ್ಜೆಗಳೂ ಕೆಲವೇ ಕ್ಷಣಗಳಲ್ಲಿ ಆಗಬೇಕು. ಪೊಲೀಸ್, ಅಗ್ನಿಶಾಮಕಕ್ಕೆ 112, ಆಂಬುಲೆನ್ಸಿಗೆ 108. ಬಾಯಿಗೆ ಮೊದಲು ಬರಬೇಕಾದದ್ದು ಜಾಗ. ಕರೆ ಕಟ್ಟಾದರೂ ಎಲ್ಲಿಗೆ ಬರಬೇಕು ಅಂತಾದರೂ ಗೊತ್ತಿರುತ್ತದೆ. ತಾಲ್ಲೂಕು, ಊರು, ಗುರುತು, ಈ ಕ್ರಮದಲ್ಲಿ ಹೇಳಿ: "ಪಾಂಡವಪುರ ತಾಲ್ಲೂಕು, ಇಂಥ ಊರು, ಡೈರಿ ಪಕ್ಕ". ಹೆದ್ದಾರಿಯಲ್ಲಾದರೆ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ, ಮೈಸೂರು ಕಡೆ ಹೋಗುವ ಬದಿಯೋ ಬೆಂಗಳೂರು ಕಡೆ ಹೋಗುವ ಬದಿಯೋ ಅಂತ ಹೇಳಿ. ಎಕ್ಸ್‌ಪ್ರೆಸ್‌ವೇನಲ್ಲಿ ಬದಿ ತಪ್ಪಾದರೆ ಗಾಡಿ ತಿರುಗಿಸಿಕೊಂಡು ಬರಲು ಬಹಳ ದೂರ ಹೋಗಬೇಕು. ಆಮೇಲೆ ಏನಾಗಿದೆ, ಎಷ್ಟು ಜನಕ್ಕೆ ಏಟು, ಉಸಿರಾಡುತ್ತಿದ್ದಾರಾ. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಅವರು ಇಡಿ ಅನ್ನುವವರೆಗೆ ಫೋನ್ ಇಡಬೇಡಿ. ಆಮೇಲೆ ಆ ಫೋನಿನಿಂದ ನೆಂಟರಿಗೆ ಕರೆ ಮಾಡುತ್ತಾ ಕೂರಬೇಡಿ. ದಾರಿ ಕೇಳಲು ಡ್ರೈವರ್ ಫೋನ್ ಮಾಡುವುದು ಅದೇ ನಂಬರಿಗೆ. ನೆಂಟರಿಗೆ ಬೇರೆಯವರ ಫೋನಿನಿಂದ ಹೇಳಿಸಿ, ದಾರಿ ತೋರಿಸಲು ಒಬ್ಬರನ್ನು ಮೇನ್ ರೋಡಿಗೆ ಕಳಿಸಿ.